ಶಿವದಾರದ ಅಳತೆ

“ಅಲ್ಲ, ದಾರಕ್ಕೆ ಯಾರಾದ್ರೂ ಹೆದರ್ತಾರಾ?”

ಮರುಳಸಿದ್ದಪ್ಪನವರು ಹಾಗೆ ಕೇಳಿದ್ದು ಎದುರಿನ ಖಾಲಿ ಗೋಡೆಯನ್ನು. ಅವರ ಎರಡು ಕೈಗಳ ನಡುವೆ ಬಿಳಿಯ ಶಿವದಾರ ಜೋತಾಡುತ್ತಿತ್ತು. ನಾಳೆ ಬೆಳಿಗ್ಗೆ ಬನಶಂಕರಿಯ ಇದೇ ಮನೆಯಲ್ಲಿ ಮೊಮ್ಮಗಳಿಗೆ ಲಿಂಗಧಾರಣೆ. ಲಿಂಗದ ಕರಡಿಗೆ ಎದೆಯ ಮೇಲೆ ಎಲ್ಲಿ ಕೂರುತ್ತದೆ ಎಂದು ಅಳತೆ ನೋಡಲು ಅವಳ ಕೊರಳಿಗೆ ದಾರ ಹಾಕಹೋಗಿದ್ದರು, ಅಷ್ಟೇ. ಅರ್ಪಿತ ಸರಕ್ಕನೆ ಹಿಂದೆ ಸರಿದು, ದೇವರಕೋಣೆಯ ಬಾಗಿಲಿಗೆ ಬೆನ್ನೊತ್ತಿ, ಎರಡೂ ಕೈಗಳಿಂದ ಕೊರಳು ಮುಚ್ಚಿಕೊಂಡು ನಿಂತುಬಿಟ್ಟಳು. ಅಳಲಿಲ್ಲ, ಕೂಗಲಿಲ್ಲ. ಉಸಿರು ಮಾತ್ರ ಸಣ್ಣ ಸೀಟಿಯಂತೆ ಕೇಳುತ್ತಿತ್ತು.

ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಅವರ ಹೆಂಡತಿ ಕಮಲಾದೇವಿ ನೋಡುತ್ತಿದ್ದರು. ಆ ದಾರ ಹೊಸೆದವರು ಅವರೇ. ಎಳೆ ಎಳೆಗೂ ಪಂಚಾಕ್ಷರಿ ಹೇಳಿಕೊಂಡು, ಗಂಟು ಬೀಳದ ಹಾಗೆ, ಮಗುವಿನ ಮೈಗೆ ಒರಟಾಗದ ಹಾಗೆ ಹೊಸೆದಿದ್ದರು. ಮಗ ಚಿದಾನಂದನಿಗೆ ದತ್ತು ಕೊಡುವಾಗ ಆಶ್ರಮದವರು ಹೇಳಿದ ಮಾತು ಆಗೆಲ್ಲ ಎಲ್ಲಿ ಹೋಗಿತ್ತೋ. ಮೊದಲಿದ್ದ ಮನೆಯಲ್ಲಿ ಕೂಸು ಅತ್ತರೆ ಹಳೇ ಸೀರೆಯ ಅಂಚಿನಿಂದ ಕಿಟಕಿಯ ಸರಳಿಗೆ ಕಟ್ಟಿಹಾಕುತ್ತಿದ್ದರಂತೆ. ಕೊರಳಿಗೆ.

ಅಷ್ಟರಲ್ಲಿ ಮರುಳಸಿದ್ದಪ್ಪನವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅಡುಗೆಯ ವೆಂಕಟಾಚಲ.

“ಸಾರ್, ಹೋಳಿಗೆ ಬೇಳೇದಾ, ಕಾಯೀದಾ?”

“ಎರಡೂ ಮಾಡಪ್ಪಾ! ಯಾವ್ದಾದ್ರೂ ಮಾಡು!” ಫೋನಿಟ್ಟು ಹೆಂಡತಿಯ ಕಡೆ ತಿರುಗಿದರು. “ನೋಡಿದ್ಯಾ? ಇವತ್ತಿನವರೆಗೂ ಒಂದು ಮಾತು ಮೀರಿದ ಮಗು ಅಲ್ಲ. ವಿಭೂತಿ ಹಚ್ಚಿದ್ರೆ ಹಚ್ಚಿಸ್ಕೋತಾಳೆ, ಪೂಜೆ ಮುಗಿಯೋ ತನಕ ಅಲುಗಾಡದೆ ಕೂರ್ತಾಳೆ. ಇವತ್ತೇನು ಬಂತು?”

ಅದು ನಿಜವೇ. ಮನೆಗೆ ಬಂದವರೆಲ್ಲ ಇಂಥ ಮಗು ಪುಣ್ಯವಂತರಿಗೇ ಸಿಗುವುದು ಎನ್ನುತ್ತಿದ್ದರು. ಹಾಗಲಕಾಯಿ ಬಡಿಸಿದರೂ ತಟ್ಟೆ ಖಾಲಿ. ಶಾಲೆಯ ಹೊಸ ಬೂಟು ಹಿಮ್ಮಡಿ ಕಿತ್ತಾಗಲೂ ಬಾಯಿ ಬಿಟ್ಟಿರಲಿಲ್ಲ. ಕಾಲುಚೀಲ ಒಗೆಯುವಾಗ ರಕ್ತದ ಕಲೆ ಕಂಡೇ ಕಮಲಾದೇವಿಗೆ ಗೊತ್ತಾದದ್ದು. ಏಳು ತುಂಬಿದ್ದರೂ ನಾಲ್ಕರ ಮಗುವಿನಷ್ಟೇ ಮಾತು. ಜೆ.ಪಿ. ನಗರದಲ್ಲಿ ಮಕ್ಕಳ ಮನಸ್ಸಿಗೆ ಚಿಕಿತ್ಸೆ ಕೊಡುವ ಶಿಲ್ಪಶ್ರೀ ಮೇಡಂ ಒಂದು ಆಟ ಆಡಿಸುತ್ತಿದ್ದರು. ಮಡಿಲಿಗೆ ದಿಂಬು ಇಡುವುದು, ಬೇಡವಾದರೆ ತಳ್ಳು ಎನ್ನುವುದು. ಅರ್ಪಿತ ದಿಂಬಿನ ಮೇಲೆ ದಿಂಬು ಹೊತ್ತುಕೊಂಡು, ಮುಖ ಕಾಣದಷ್ಟು ಹೊತ್ತುಕೊಂಡು, ಸುಮ್ಮನೆ ಕೂತಿರುತ್ತಿದ್ದಳು.

“ಇದನ್ನ ಒಳ್ಳೆತನ ಅನ್ಕೋಬೇಡಿ ಅಮ್ಮ, ಭಯ ಇದು,” ಎಂದಿದ್ದರು ಮೇಡಂ. “ಬೇಡ ಅಂದ್ರೆ ಏನಾಗುತ್ತೆ ಅಂತ ಆ ಮೈಗೆ ಗೊತ್ತು. ಬೇಡ ಅಂದ್ರೂ ಏನೂ ಆಗಲ್ಲ ಅಂತ ಇನ್ನೂ ಗೊತ್ತಿಲ್ಲ. ಒಂದಲ್ಲ ಒಂದಿನ ಯಾವುದಕ್ಕೋ ಬೇಡ ಅಂತಾಳೆ. ಅವತ್ತು ದಯವಿಟ್ಟು ಅದನ್ನ ಕೇಳಿಸ್ಕೊಳ್ಳಿ. ಅವತ್ತು ಕೇಳಿಸ್ಕೊಳ್ಳದಿದ್ರೆ ಇನ್ನೊಂದ್ಸಲ ಹೇಳ್ತಾಳೋ ಇಲ್ವೋ.”

ಆ ದಿನ ಇಂಥ ದಿನವಾಗಿ ಬರಬೇಕೇ, ಶಿವನೇ. ಕಮಲಾದೇವಿಯ ಕೈ ತಾನಾಗಿ ತಮ್ಮ ಎದೆಯ ಮೇಲಿನ ಲಿಂಗವನ್ನು ಮುಟ್ಟಿತು.

“ರೀ, ದಾರ ಕೆಳಗಿಡಿ. ನಾಳೆ ಅಯ್ಯನವರಿಗೆ ನಾನೇ ಹೇಳ್ತೀನಿ. ಲಿಂಗ ಅಂಗೈಗೆ ಕೊಡಲಿ, ಪೂಜೆ ಮಾಡೋದು ಅಲ್ಲೇ ತಾನೇ? ಕೊರಳಿಗೆ ಅವಳಾಗಿ ಕೇಳಿದಾಗ ಹಾಕೋಣ.”

“ಅಂಗೈಯಲ್ಲಿರೋದು ನಮ್ಮಕ್ಕನ ಕಣ್ಣಿಗೆ ಕಾಣುತ್ತಾ?” ಎಂದರು ಮರುಳಸಿದ್ದಪ್ಪನವರು. “ಹೋದ ಹಬ್ಬದಲ್ಲಿ ಮಗು ಎದುರಿಗೇ ಕೇಳಿದ್ಲಲ್ಲ, ಯಾವ ರಕ್ತವೋ ಏನೋ ಅಂತ. ಕೊರಳಲ್ಲಿ ಲಿಂಗ ಇದ್ರೆ ಹಾಗೆ ಕೇಳೋಕೆ ಯಾರಿಗೂ ಬಾಯಿ ಬರಲ್ಲ. ಆಸ್ತಿ, ಸೈಟು ಚಿದಾನಂದ್ ಮಾಡ್ಕೊಡ್ತಾನೆ. ನಾನು ಕೊಡೋಕಿರೋದು ಇದೊಂದೇ ಕಮಲಾ.”

ಗಂಡನ ಕಣ್ಣು ಒದ್ದೆಯಾದದ್ದನ್ನು ಅವರು ನೋಡಿದರು. ಮಗುವಿನ ಮೇಲೆ ಆ ಮನುಷ್ಯನಿಗೆ ಜೀವ. ಪ್ರತಿದಿನ ಬೆಳಗಿನ ಜಾವ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ವಚನ ಹೇಳುವುದು. ಅವಳೂ ತುಟಿ ಅಲ್ಲಾಡಿಸುತ್ತಾಳೆ. ಅರ್ಥವಾಗಿಯೋ, ಹೆದರಿಯೋ, ಯಾರು ಬಲ್ಲರು?

ಮರುಳಸಿದ್ದಪ್ಪನವರು ದಾರವನ್ನು ಹೆಂಡತಿಯ ಕಡೆ ಚಾಚಿದರು. “ನಾನು ಗಂಡಸು, ಹೆದರ್ತಾಳೆ. ನೀನು ಹೇಳು. ‘ಹಾಕಿಸ್ಕೊ ಪುಟ್ಟಿ’ ಅಂತ ಒಂದು ಮಾತು. ನಿನ್ನ ಮಾತಂತೂ ಮೀರಲ್ಲ ಅವಳು.”

ಮೀರುವುದಿಲ್ಲವೆಂದು ಕಮಲಾದೇವಿಗೂ ಗೊತ್ತಿತ್ತು. ಮಗು ಅಜ್ಜಿಯ ಬಾಯನ್ನೇ ನೋಡುತ್ತಿತ್ತು. ಕೊರಳ ಮೇಲಿನ ಬೆರಳುಗಳು ಆಗಲೇ ಒಂದೊಂದಾಗಿ ಸಡಿಲವಾಗತೊಡಗಿದ್ದವು. ಮಾತು ಹೊರಡುವ ಮೊದಲೇ ಆ ಪುಟ್ಟ ಕತ್ತು, ಕಟ್ಟುವವರಿಗೆ ಸುಲಭವಾಗಲೆಂಬಂತೆ, ಮುಂದಕ್ಕೆ ಬಾಗುತ್ತಿತ್ತು.

ಮದುವೆಯಾದ ಮೇಲೆ ಗಂಡ ಕೇಳಿದ ಯಾವುದಕ್ಕೂ ಅವರು ಒಲ್ಲೆ ಎಂದವರಲ್ಲ. ಹೇಳಿ ಅಭ್ಯಾಸವಿಲ್ಲದ್ದಕ್ಕೋ ಏನೋ, ದನಿ ಬೇಕಾದ್ದಕ್ಕಿಂತ ಜೋರಾಗಿ ಬಂತು.

“ಹೇಳಲ್ಲ. ನಾಳೆ ಎಲ್ರೂ ಬಂದು ಕೂತ್ಮೇಲೂ ಹೇಳಲ್ಲ.”