ಅಲುಗದ ಹಾಳೆ

ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತ ಮಗ, ಕತ್ತಿಯನ್ನು ತಾನೇ ಅಪ್ಪನ ಕೈಗಿಟ್ಟ. “ಇವತ್ತು ನಂಗೇ ಮಾಡಪ್ಪ.”

ಆರು ತಿಂಗಳ ಹಿಂದೆ ಅಪ್ಪನ ಕೈ ನಡುಗಿ ಗಿರಾಕಿಯೊಬ್ಬರ ಕೆನ್ನೆ ಗೀರಿದಾಗ, “ವಯಸ್ಸಾಯ್ತು, ಸಾಕು ಬಿಡು” ಎಂದು ಅದೇ ಕತ್ತಿ ಕಿತ್ತುಕೊಂಡವನು ಇವನೇ. ಅಪ್ಪ ಮೂಲೆ ಹಿಡಿದ. ಮೈ ಇಳಿಯಿತು, ಎದೆ ಡವಡವ ಹೊಡೆದುಕೊಂಡಿತು. ಎಲ್ಲವನ್ನೂ ವಯಸ್ಸಿನ ತಲೆಗೇ ಕಟ್ಟಿದರು. ಕೊನೆಗೆ ಡಾಕ್ಟರಮ್ಮ ಅವನ ಚಾಚಿದ ಬೆರಳುಗಳ ಮೇಲೊಂದು ಹಾಳೆ ಇಟ್ಟರು. ಅದು ಪಟಪಟ ಅಲುಗಿತು. ರಕ್ತಪರೀಕ್ಷೆ ಮಾಡಿಸಿ, “ಥೈರಾಯ್ಡ್ ಜಾಸ್ತಿಯಾಗಿದೆ ಯಜಮಾನ್ರೇ. ವಯಸ್ಸನ್ನ ಬೈಬೇಡಿ, ಮಾತ್ರೆ ತಗೊಳ್ಳಿ” ಎಂದರು.

ಮಾತ್ರೆ ಶುರುವಾಗಿ ಈಗ ಮೂರು ತಿಂಗಳು. ಅಪ್ಪ ಕತ್ತಿ ಬದಿಗಿಟ್ಟು, ಬೆರಳು ಚಾಚಿ, ಹಳೇ ಪೇಪರಿನ ಹಾಳೆಯೊಂದನ್ನು ಮೇಲಿಟ್ಟುಕೊಂಡು ನೋಡಿದ. ಅದು ಅಲುಗಲಿಲ್ಲ. ಮಗನ ಕೆನ್ನೆಗೆ ನೊರೆ ಹಚ್ಚಿ ಕತ್ತಿ ಎತ್ತಿಕೊಂಡ.

“ಗದ್ದ ಎತ್ತೋ.”

ಕತ್ತಿ ನೊರೆಗೆ ತಾಗುವಷ್ಟರಲ್ಲಿ ಮಗ “ಅವತ್ತು ನಾನು…” ಎನ್ನಲು ಹೋದ, ಗದ್ದ ಅದುರಿತು.

“ಅಲುಗಾಡ್ಬೇಡ ಕಣೋ,” ಎಂದ ಅಪ್ಪ, “ಈಗ ನಡುಗ್ತಿರೋದು ನೀನು.”