ಮಾತು ಸೋಸುವ ಫಿಲ್ಟರು

ಯಾವ ಊರಿನ ನೀರು ಕುಡಿದರೂ ಆ ಊರಿನ ಮಾತು ನಾಲಿಗೆಗೆ ಅಂಟಿಕೊಳ್ಳುತ್ತಿದ್ದ ಕಾಲ. ಹದಿನೆಂಟು ವರ್ಷ ಚಾರಣದವರಿಗೆ ದಾರಿ ತೋರಿಸಿ ದಣಿದಿದ್ದ ನೀಲಾಂಬಿಕೆ, ಘಟ್ಟದ ಬುಡದ ಅಂಗಡಿಯಲ್ಲಿ ಬೆನ್ನಿನ ಚೀಲ ಇಳಿಸಿದಳು. ಅಂಗಡಿಯ ಸಂಜೀವ ಶೆಟ್ಟರು ಬೆಲ್ಲ, ನೀರು ಕೊಟ್ಟು, ಎರಡು ಫಿಲ್ಟರು ತೆಗೆದಿಟ್ಟರು.

“ಇದು ಕೆಸರು ಮಾತ್ರ ಸೋಸ್ತದೆ ಅಕ್ಕ. ಇದಾದ್ರೆ ಪರವೂರ ಮಾತನ್ನೂ ಸೋಸ್ತದೆ. ಆದ್ರೆ ನಿಮ್ಮೂರ ಮಾತು ಯಾವುದಂತ ಇದಕ್ಕೆ ಒಮ್ಮೆ ಕೇಳಿಸ್ಬೇಕು. ಅಮ್ಮ ಊಟಕ್ಕೆ ಹೇಗೆ ಕರೀತಿದ್ರು? ಹಾಗೇ ಹೇಳಿ, ಸಾಕು.”

ತೀರಿಹೋದ ಅವ್ವನ ಮಾತು ತನ್ನ ಬಾಯಲ್ಲಾದರೂ ಉಳಿಯಲಿ ಎಂದೇ ಅವಳು ಬಂದಿದ್ದಳು. ಫಿಲ್ಟರಿನ ಕಡೆ ಬಾಗಿ, “ಉಣ್ಣಾಕ ಬಾ” ಎಂದಳು. ಅಲ್ಲವೆನಿಸಿತು. “ಉಂಬುಕ್ ಬಾ.” ಅದೂ ಅಲ್ಲ. “ಉಣ್ಣಕ್ ಬಾರೇ... ಊಟಕ್ ಬಾ...” ಎಲ್ಲವೂ ಸಲೀಸಾಗಿ ಬಂದವು. ಒಂದರಲ್ಲೂ ಅವ್ವ ಇರಲಿಲ್ಲ.

“ಏಳು ಕೆರೆ ನೀರು ಕುಡಿದವರು ನೀವು,” ಎಂದು ಶೆಟ್ಟರು ನಗಿಸಲು ನೋಡಿದರು.

ಅವಳು ಆ ಫಿಲ್ಟರನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು.

“ಕೆಸರು ಸೋಸುವುದೇ ಸಾಕು ಮಾರಾಯ್ರೆ,” ಎಂದಳು. ಶೆಟ್ಟರು ಕೊಟ್ಟ ನೀರು ಆಗಲೇ ನಾಲಿಗೆಗೆ ಹತ್ತಿತ್ತು.