ಆಮೆನ್ ಅಂದ ಕೂಡಲೆ

ನಮ್ಮೂರು ಗೊರೇಬಾಳದ ಗದ್ದೆಗಳಲ್ಲಿ ಕೊಯ್ಲು ಮುಗಿದು ಭತ್ತದ ಹುಲ್ಲಿಗೆ ಬೆಂಕಿ ಇಟ್ಟರೆ, ಆ ಹೊಗೆಯ ವಾಸನೆಗೆ ಇವತ್ತಿಗೂ ನನಗೆ ಬಾಲ್ಯದ ಒಂದು ದಿನ ನೆನಪಾಗುತ್ತದೆ.

ಅವತ್ತು ಮಧ್ಯಾಹ್ನ ನಮ್ಮ ಚರ್ಚಿನ ಅಂಗಳದಲ್ಲಿ ನಾಟಕವಿತ್ತು. ದೇವರನ್ನು ಬಿಡಲೊಪ್ಪದೆ ಬೆಂಕಿಗೆ ಆಹುತಿಯಾದ ಮೊದಲ ಕಾಲದ ಕ್ರೈಸ್ತ ಸಭೆಯ ಮುದಿ ಬಿಷಪ್ಪನ ಕಥೆ. ಹತ್ತಿಯ ಗಡ್ಡ ಅಂಟಿಸಿಕೊಂಡ ನನ್ನ ಸೋದರಮಾವನೇ ಬಿಷಪ್, ಹುಡುಗಿಯಾದರೂ ನಾನು ರಟ್ಟಿನ ಟೋಪಿಯ ಸಿಪಾಯಿ. ಬೆಂಕಿಯ ದೃಶ್ಯಕ್ಕೆ ನಿಜವಾದ ಹುಲ್ಲೇ ಬೇಕೆಂದು ಹಟ ಹಿಡಿದವನೂ ಮಾವನೇ.

"ಕಟ್ಟಬ್ಯಾಡ್ರಿ, ಆ ಅಜ್ಜ ಹಗ್ಗ ಇಲ್ದ ನಿಂತಿದ್ದ," ಎಂದು ಹುಲ್ಲಿನ ನಡುವೆ ಸ್ಟೂಲು ಹತ್ತಿದ. ನನಗೆ ಮೊದಲೇ ಹೇಳಿದ್ದ: "ಆಮೆನ್ ಕೇಳಿದ ಕೂಡ್ಲೆ ಕಡ್ಡಿ ಗೀರು. ನಾ ಹಾರಿ ಹೊರಗ ಬರ್ತೀನಿ."

ಆದರೆ ನಮ್ಮ ಸಭೆಯವರು ಪ್ರಾರ್ಥನೆಯ ಮಾತುಮಾತಿಗೂ ಆಮೆನ್ ಅನ್ನುವವರು. ಮಾವನ ಪ್ರಾರ್ಥನೆಯ ಮೊದಲ ಸಾಲಿಗೇ ಅಂಗಳವೆಲ್ಲ "ಆಮೆನ್!" ಅಂದಿತು. ನಾನು ಗೀರಿದೆ.

ಹುಲ್ಲು ಭಗ್ಗೆಂದಿತು. ಮಾವ ಕಣ್ಣು ತೆರೆಯಲಿಲ್ಲ.

"ಇಳಿಯಲೇ ಮೂಳಾ, ಅಂಗಿಗಿ ಬೆಂಕಿ ಹತ್ಯಾದ!" ಅವನ ಅವ್ವ, ಅಂದರೆ ನನ್ನ ಅಜ್ಜಿ, ಕಿರುಚಿದಳು.

"ತಡಿಬೇ ಯವ್ವಾ, ಪ್ರಾರ್ಥನಿ ಮುಗದಿಲ್ಲ."

ಅದೂ ನಾಟಕವೆಂದುಕೊಂಡು ಜನ ಚಪ್ಪಾಳೆ ತಟ್ಟಿ, ಮತ್ತೊಮ್ಮೆ "ಆಮೆನ್!" ಅಂದರು.

ಅಜ್ಜಿ ಬರಿಗಾಲಲ್ಲೇ ಉರಿಗೆ ನುಗ್ಗಿ ಅವನ ಕಿವಿ ಹಿಡಿದು ಎಳೆತಂದಳು. ಮಣ್ಣಿನಲ್ಲಿ ಹೊರಳಿಸಿ ಬೆಂಕಿ ಆರಿಸುತ್ತ, "ಆ ಬಿಷಪ್ಪಗ ಅವ್ವ ಇದ್ದಿಲ್ಲ. ನಿನಗ ನಾ ಇನ್ನಾ ಅದೀನಿ," ಎಂದು ಬೈದಳು.

ಅವಳ ಪಾದದ ಬೊಬ್ಬೆಗಳು ನನಗೊಬ್ಬಳಿಗೇ ಕಂಡವು. ಸೀರೆ ಕೆಳಗೆಳೆದು ಅವನ್ನು ಮುಚ್ಚಿ, ನನ್ನೆಡೆಗೆ ಕೈಚಾಚಿದಳು.

"ಕಡ್ಡಿಪೆಟ್ಟಿಗಿ ಕೊಡು ಇಲ್ಲಿ."